ತೊರೆಯ ದಾರಿ ತೆರೆದ ಹೊನ್ನಾಜಿ

ಕೂಗಿದರೆ ಮರಗಳು ಓಗೊಡುತ್ತಿದ್ದ ಕಾಲದಲ್ಲಿ ಹೊಂಬಾವಿ ಎಂಬ ರಾಜಧಾನಿ ಇತ್ತು. ಪಟ್ಟಣದ ನಟ್ಟನಡುವೆ ಒಂದು ಉದ್ಯಾನ. ಉದ್ಯಾನ ಅಂದರೆ ನಾಲ್ಕು ಗುಲಾಬಿ ಗಿಡ ಅಂದುಕೊಂಡೀರಿ ಮತ್ತೆ! ಹೊಂಗೆ, ಮತ್ತಿ, ಅತ್ತಿ ಮರಗಳ ಕಾಡೇ ಅದು. ಅದರೊಳಗೊಂದು ತೊರೆ ಹರಿದು ಊರ ಕೆರೆ ಸೇರುತ್ತಿತ್ತು. ಊರಿಗೆಲ್ಲ ಆ ತೊರೆಯ ನೀರೇ ಜೀವ.

ತೊರೆ ಕಾಯುತ್ತಿದ್ದವನು ಮರಿಬೊಮ್ಮ. ಅವನ ಮನೆತನಕ್ಕೊಂದು ಕಟ್ಟಳೆ: ತೊರೆಯ ಪಕ್ಕ ನಡೆಯುವವರು ನೀರಿಗೆ ಅಡ್ಡ ಬಿದ್ದದ್ದನ್ನು ಎತ್ತದೆ ಮುಂದೆ ಹೆಜ್ಜೆ ಇಡಬಾರದು. ಮಗಳು ಹೊನ್ನಾಜಿ ಎಷ್ಟು ಚೊಕ್ಕಟ ಮಾಡಿದರೂ ಅವನದು ಒಂದೇ ಮಾತು: “ಅಲ್ಲೊಂದು ಕಡ್ಡಿ ಬಿಟ್ಟಿದ್ದೀಯಲ್ಲೇ!” ಮಗಳನ್ನು ಅವನು ಒಮ್ಮೆಯೂ ಹೊಗಳಿದವನಲ್ಲ.

ಒಂದು ಬೆಳಿಗ್ಗೆ ಜೊಂಡುಗಡ್ಡದ ಮಾಂತ್ರಿಕನೊಬ್ಬ ಬಂದ. ತೊರೆಯನ್ನು ಬತ್ತಿಸಿದ. ತಡೆಯಲು ಬಂದ ಮರಿಬೊಮ್ಮನನ್ನು ಹೊಂಗೆಮರ ಮಾಡಿ ನಿಲ್ಲಿಸಿದ.

“ತೊರೆಯ ತಲೆಯಿಂದ ಕೆರೆಯವರೆಗೆ ಹೊತ್ತು ಮುಳುಗುವುದರೊಳಗೆ ನಡೆಯಿರಿ. ಗೆದ್ದರೆ ನೀರೂ ನಿಮ್ಮದು, ಇವನೂ ನಿಮ್ಮವನು. ಸೋತರೆ ನೀವೂ ಮರ!” ಎಂದು ಸಾರಿದ.

ಯುವರಾಜ ಹೋದ. ದಾರಿಗಡ್ಡ ಇದ್ದ ಮುಳ್ಳುಕಂಟಿಯನ್ನು ಠೀವಿಯಿಂದ ಹಾರಿದ. ಕಂಟಿ ಹಿಂದಿನಿಂದ ಬಂದು ಕಾಲು ಸುತ್ತಿಕೊಂಡಿತು. ಯುವರಾಜ ಅತ್ತಿಮರವಾದ. ಸೇನಾಪತಿಯೂ ಹಾಗೇ ಹಾರಿ ಮತ್ತಿಮರವಾದ.

ಮೂರನೆಯವಳು ಹೊನ್ನಾಜಿ. ಬುಟ್ಟಿ, ಸಲಿಕೆ ಹಿಡಿದು ಹೊರಟಳು.

“ನೀರೇ ಇಲ್ಲ, ಏನು ಗುಡಿಸ್ತೀಯೇ?” ಎಂದು ಜನ ನಕ್ಕರು.

“ನೀರು ಬಂದಾಗ ದಾರಿ ಚೊಕ್ಕಟ ಇರಬೇಡವೇ?” ಎಂದಳು ಹೊನ್ನಾಜಿ.

ಮುಳ್ಳುಕಂಟಿಯನ್ನು ಎತ್ತಿ ದಡಕ್ಕೆ ಹಾಕಿದಳು. ಅದು ಮಲ್ಲಿಗೆ ಬಳ್ಳಿಯಾಯಿತು. ಮುಂದೆ ಕಲ್ಲಾನೆಯೊಂದು ಹೂಳಿನಲ್ಲಿ ಹೂತು ಅಡ್ಡ ಕುಳಿತಿತ್ತು. ಸುತ್ತಲ ಹೂಳು ತೋಡುವಷ್ಟರಲ್ಲಿ ಅವಳ ಅಂಗೈಯೆಲ್ಲ ಬೊಬ್ಬೆ. ಕಲ್ಲಾನೆ ಎದ್ದು, ಸೊಂಡಿಲೆತ್ತಿ ನಮಸ್ಕರಿಸಿ ತೋಪಿನೊಳಕ್ಕೆ ನಡೆಯಿತು. ಆದರೆ ಹೊತ್ತು ಇಳಿದುಬಿಟ್ಟಿತ್ತು.

ಕೆರೆಗೆ ಇನ್ನು ಹತ್ತೇ ಹೆಜ್ಜೆ. ಸೂರ್ಯ ಗುಡ್ಡ ಮುಟ್ಟಿದ್ದ. ಅಲ್ಲೊಂದು ಗಲೀಜು ಮಡಕೆ ಬೋರಲು ಬಿದ್ದು ಕೆಸರಿನಲ್ಲಿ ಸಿಕ್ಕಿಕೊಂಡಿತ್ತು.

“ಓಡು ತಾಯಿ, ಓಡು! ಒಂದು ಮಡಕೆ ಬಿಟ್ಟರೆ ಏನು ಗಂಟು ಹೋಗುತ್ತೆ?” ಎಂದ ದಡದಲ್ಲಿ ನಿಂತಿದ್ದ ಮಾಂತ್ರಿಕ. ದನಿ ಬೆಣ್ಣೆ ಸವರಿದಂತಿತ್ತು.

ಹೊನ್ನಾಜಿ ಗುಡ್ಡದತ್ತ ನೋಡಿದಳು, ಮಡಕೆಯತ್ತ ನೋಡಿದಳು. ನಿಂತರೆ ಹೊತ್ತು ಮೀರುತ್ತದೆ, ಅಪ್ಪ ಮರವಾಗೇ ಉಳಿಯುತ್ತಾನೆ. ಓಡಿದರೆ ಅದೇ ಅಪ್ಪನ ಮುಖ ನೋಡುವುದು ಹೇಗೆ?

“ನಮ್ಮ ಮನೆಯವರು ಯಾರೂ ಬಿಟ್ಟು ಹೋದವರಲ್ಲ ಕಣಯ್ಯಾ!” ಎಂದು ಬಗ್ಗಿ ಮಡಕೆ ಕಿತ್ತಳು.

ಸೂರ್ಯ ಮುಳುಗಿದ. ಮಡಕೆಯ ಕೆಳಗಿನಿಂದ ಬುಸ್ಸೆಂದು ನೀರು ಚಿಮ್ಮಿತು. ಇಡೀ ತೊರೆಯನ್ನೂ ತನ್ನ ಮಂತ್ರಬಲವನ್ನೂ ಆ ಪಾಪಿ ಅದರಡಿಯಲ್ಲೇ ಬಚ್ಚಿಟ್ಟಿದ್ದ! ಅವನು ಅಯ್ಯಯ್ಯೋ ಅನ್ನುತ್ತಲೇ ಹಿಡಿ ಕೆಸರಾದ. ಹೊನ್ನಾಜಿ ಅದನ್ನೂ ಬಿಡಲಿಲ್ಲ, ಎತ್ತಿ ದಡಕ್ಕೆ ಎಸೆದಳು.

ಮೂರು ಮರಗಳೂ ಮನುಷ್ಯರಾದವು. ದೊರೆ ಅರ್ಧ ರಾಜ್ಯ ಕೊಡಲು ಬಂದ. “ರಾಜ್ಯ ಬೇಡ. ವರ್ಷಕ್ಕೊಂದು ದಿನ ನೀವೂ ಬರಿಗಾಲಲ್ಲಿ ಬುಟ್ಟಿ ಹಿಡಿದು ತೊರೆ ಚೊಕ್ಕಟ ಮಾಡಲು ಬನ್ನಿ,” ಎಂದಳು ಹೊನ್ನಾಜಿ. ದೊರೆ ಒಪ್ಪಿದ.

ಮರಿಬೊಮ್ಮ ಮಾತ್ರ ಸೀದಾ ತೊರೆಯ ತಲೆಗೆ ಹೋಗಿ, ಅಲ್ಲಿಂದ ಕೆರೆಯವರೆಗೆ ನಡೆದ. ಒಂದೊಂದು ತಿರುವಿನಲ್ಲೂ ಬಗ್ಗಿ ಬಗ್ಗಿ ನೋಡಿದ. ಊರೇ ಅವನ ಹಿಂದೆ ನಡೆಯಿತು. ಕೆರೆಯ ದಡದಲ್ಲಿ ಮಗಳ ಬೊಬ್ಬೆಯೆದ್ದ ಕೈ ಹಿಡಿದು ಮೇಲಕ್ಕೆತ್ತಿದ.

“ನೋಡ್ರಪ್ಪಾ, ಒಂದು ಕಡ್ಡೀನೂ ಬಿಟ್ಟಿಲ್ಲ. ಇವಳು ನನ್ನ ಮಗಳು!”

ಆಮೇಲೆ ಹೊಂಬಾವಿಯಲ್ಲಿ ಎಲ್ಲರೂ ಆ ನೀರು ಕುಡಿದು ತಣ್ಣಗೆ ಬಾಳಿದರು. ಹೊನ್ನಾಜಿ ಅಪ್ಪ ಹೊಗಳಿದ ಆ ಸಂಜೆಯಷ್ಟು ತಲೆಯೆತ್ತಿ ಇನ್ನೆಂದೂ ನಡೆಯಲಿಲ್ಲವಂತೆ.