ಯಂತ್ರಕ್ಕೊಂದು ಹೆಸರು

ಅವಳ ಗಂಡ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ, ಅಷ್ಟರೊಳಗೆ ಕಚೇರಿಯಲ್ಲಿ ಅವನಿಗೊಂದು ಹೊಸ ಜವಾಬ್ದಾರಿ ಬಂದಿತ್ತು. ರಜೆ ಮುಗಿಸಿ ಬಂದ ಮೊದಲ ದಿನ ಕಂಪ್ಯೂಟರಿನಲ್ಲಿ ಪಟ್ಟಿ ತೆರೆದವಳ ಕಣ್ಣಿಗೆ ಅದು ಬಿತ್ತು. ಹಳೆಯ ನಕ್ಷೆಗಳ ಸರ್ವರ್. ಸ್ಥಿತಿ: ಕೆಟ್ಟಿದೆ. ಹೊಣೆಗಾರರು ಎಂಬ ಕಾಲಂನಲ್ಲಿ ಅವನ ಹೆಸರು. ತಾನು ರಜೆಗೆ ಹೋಗುವಾಗ ಅಲ್ಲಿ ಇದ್ದದ್ದು ಬೇರೆ ಹೆಸರು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಬರೆದವಳೇ ಅವಳು.

ನಗರಕ್ಕೆ ನೀರು ಪೂರೈಸುವ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳ ಕೆಲಸವೇ ಅದು. ಸಂಸ್ಥೆಯಲ್ಲಿರುವ ಪ್ರತಿ ಯಂತ್ರಕ್ಕೂ ಒಬ್ಬ ಹೊಣೆಗಾರ ಇರಬೇಕು, ಹಿಂದೆ ಒಂದು ಟೀಮ್ ಇರಬೇಕು, ಟೀಮಿನಲ್ಲಿ ಯಾರ ಪಾತ್ರ ಏನು ಎಂದು ಗೊತ್ತಿರಬೇಕು. ಹೊಸ ಯಂತ್ರ ಬೇಕು ಎಂದು ಕೇಳುವಾಗ ಎಲ್ಲರೂ ಮುಂದು; ಅದು ನಿಮ್ಮ ಹೆಸರಿಗೆ ಎಂದರೆ ಎಲ್ಲರೂ ನಾಪತ್ತೆ. ಅವಳು ಹಜಾರದಲ್ಲಿ ಬರುತ್ತಿದ್ದರೆ ಸಾಕು, ಇದ್ದಕ್ಕಿದ್ದಂತೆ ಎಲ್ಲರಿಗೂ ಕೆಲಸ ಮೈಮೇಲೆ ಬಂದುಬಿಡುತ್ತಿತ್ತು. "ಇವತ್ತು ಯಾವ ಪೆಟ್ಟಿಗೆ ನನ್ನ ತಲೆಗೆ ಕಟ್ಟೋಕೆ ಬಂದ್ರಿ ಮೇಡಂ?" ಎಂದು ನಗುತ್ತಿದ್ದರು. ಹೊಣೆ ಮೇಡಂ ಎಂದೇ ಅವಳಿಗೆ ಹೆಸರು ಬಿದ್ದಿತ್ತು.

ಅವಳನ್ನು ಕಂಡು ತಪ್ಪಿಸಿಕೊಳ್ಳದೆ ಇದ್ದವನು ಒಬ್ಬನೇ. ಸರ್ವರ್ ಕೋಣೆಯ ತಂಪಿನಲ್ಲಿ ಸುಡುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದ ಅವನನ್ನು ಎಲ್ಲರೂ ತಂಪಣ್ಣ ಎನ್ನುತ್ತಿದ್ದರು. "ಯಾರಿಗೂ ಬೇಡದ್ದೇನಾದ್ರೂ ಇದ್ರೆ ನನ್ನ ಹೆಸರಿಗೆ ಬರ್ಕೊಳ್ಳಿ" ಎಂದಿದ್ದ, ಮೊದಲ ಸಲ ಮಾತಾಡಿದಾಗಲೇ. ಅವಳು ಬರೆದುಕೊಂಡಳು. ಎರಡು ವರ್ಷ ಕಳೆಯುವುದರೊಳಗೆ ಅವಳೂ ಅವನ ಹೆಸರಿಗೇ ಬಂದಳು.

ಆದರೆ ಹಳೆಯ ನಕ್ಷೆಗಳ ಸರ್ವರ್ ಅವನದಾಗಿರಲಿಲ್ಲ. ಅದು ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿತ್ತು. ಮಾತು ಅಷ್ಟು ನುಣುಪು ಎಂದು ಕಚೇರಿ ಅವರಿಗೆ ಇಟ್ಟ ಹೆಸರು ಬೆಣ್ಣೆ ಸರ್. ಆ ಸರ್ವರಿನ ಡಿಸ್ಕುಗಳು ಹೋಗುವ ಕಾಲ ಬಂದಿದೆ, ಬದಲಾಯಿಸಿ ಎಂದು ತಂಪಣ್ಣ ಹೇಳಿ ಹೇಳಿ ಸಾಕಾಗಿದ್ದ. "ನೋಡೋಣ, ನೋಡೋಣ" ಎಂದು ಬೆಣ್ಣೆ ಸರ್ ಪ್ರತಿ ಸಲವೂ ಅವನ ಬೆನ್ನು ತಟ್ಟಿ ಕಳಿಸಿದ್ದರು. ಒಂದು ಬೆಳಗ್ಗೆ ಮನೆಯ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದ ತಂಪಣ್ಣ ಹಾಗೆಯೇ ಪಕ್ಕಕ್ಕೆ ಒರಗಿದವನು ಮತ್ತೆ ಏಳಲಿಲ್ಲ. ಒಂದು ಕಾಲಿನ ಲೇಸು ಕಟ್ಟಿಯಾಗಿತ್ತು. ಕಾರ್ಯವೆಲ್ಲ ಮುಗಿಯುವ ಹೊತ್ತಿಗೆ ಇತ್ತ ಆ ಸರ್ವರ್ ಕೂಡ ಸತ್ತಿತು. ಹಳೇ ಪೇಟೆಯ ನೆಲದಡಿಯ ಪೈಪುಗಳ ನಕ್ಷೆಯೆಲ್ಲ ಅದರ ಜೊತೆಗೇ ಹೋಯಿತು. ನಕ್ಷೆ ಇಲ್ಲದೆ ಅಗೆಯಲು ಹೋದವರು ದೊಡ್ಡ ಪೈಪನ್ನೇ ಒಡೆದು ಬೀದಿಗೆ ಬೀದಿಯೇ ನೀರಲ್ಲಿ ನಿಂತಿತು. ವಿಚಾರಣೆ ಬಂತು. ವಿಚಾರಣೆಗೆ ಬಂದವರು ಪಟ್ಟಿ ನೋಡಿದರು, ಹೆಸರು ಓದಿದರು, ಪಾಪ ಎಂದರು, ಕಡತ ಮುಚ್ಚಿದರು.

ಅವಳು ಬೆಣ್ಣೆ ಸರ್ ಮುಂದೆ ಹೋಗಿ ನಿಂತಳು.

"ಅದು ನಿಮ್ಮ ಹೆಸರಲ್ಲಿತ್ತು ಸರ್."

"ಇತ್ತು. ಇಲ್ಲ ಅನ್ನಲ್ಲ" ಎಂದರು ಅವರು, ಕುರ್ಚಿ ತೋರಿಸುತ್ತ. "ಆದ್ರೆ ತಂಪಣ್ಣ ಬಾಯಿಮಾತಲ್ಲಿ ಯಾವಾಗಲೋ ವಹಿಸ್ಕೊಂಡಿದ್ರು. ಪಟ್ಟಿಗೆ ಹತ್ತಿಸೋದು ತಡ ಆಯ್ತು, ಅಷ್ಟೆ. ನೀವು ರಜೇಲಿದ್ರಿ, ನಿಮಗೆ ತೊಂದರೆ ಕೊಡೋದು ಬೇಡ ಅಂತ ನಾವೇ ಹತ್ತಿಸಿದ್ವಿ."

"ನಾವು ಅಂದ್ರೆ ಯಾರು?"

"ಟೀಮ್" ಎಂದರು ಬೆಣ್ಣೆ ಸರ್. "ನೋವಲ್ಲಿದ್ದೀರಿ ಮೇಡಂ. ಇನ್ನೊಂದಿಷ್ಟು ದಿನ ರಜೆ ತಗೊಳ್ಳಿ."

ಬದಲಾವಣೆ ಮಾಡಿದವರು ಯಾರು ಎಂದು ಅವಳು ಹುಡುಕಿದಳು. ಟೀಮಿನ ಸಾಮಾನ್ಯ ಲಾಗಿನ್. ಅದರ ಪಾಸ್‌ವರ್ಡ್ ಟೀಮಿನಲ್ಲಿದ್ದವರಿಗೆಲ್ಲ ಗೊತ್ತು. ಎಲ್ಲರ ಕೈ ಎಂದರೆ ಯಾರ ಕೈಯೂ ಅಲ್ಲ.

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮಾತನಾಡಿಸಿಕೊಂಡು ಹೋಗಲು ಬಂದಿದ್ದ ಯಾರೋ ಸುದ್ದಿಯನ್ನು ಅತ್ತೆಯ ಕಿವಿಗೆ ಹಾಕಿ ಹೋದರು. ಆ ಸಂಜೆ ಅತ್ತೆ ತಟ್ಟೆಯ ಮುಂದೆ ಕೂತು ಊಟ ಮಾಡದೆ ಅನ್ನವನ್ನು ಸುಮ್ಮನೆ ಕಲಸುತ್ತಿದ್ದರು.

"ಅವನ ಕೈಯಿಂದ ಅಂಥ ತಪ್ಪು ಆಯ್ತೇನಮ್ಮ?"

"ಇಲ್ಲ ಅತ್ತೆ."

"ಮತ್ತೆ ಯಾಕೆ ಹಾಗಂತಾರೆ?"

ಅವಳು ಅತ್ತೆಯ ತಟ್ಟೆಗೆ ಸಾರು ಬಡಿಸಿದಳು. ಅತ್ತೆ ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ಎದುರುಮನೆಯವರ ಜೊತೆ ಬಾಗಿಲಲ್ಲಿ ನಿಂತು ಮಾತಾಡುವುದನ್ನು ಬಿಟ್ಟರು. ನನ್ನ ಮಗ ನೀರಿನ ಕಚೇರಿಯಲ್ಲಿದ್ದ ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ ಹೆಂಗಸು, ಈಗ ನೀರು ನಿಂತ ಆ ಬೀದಿಯ ಮಾತು ಬಂದರೆ ಒಳಗೆ ಎದ್ದು ಹೋಗುತ್ತಿದ್ದರು. ಗಂಡ ಸತ್ತದ್ದನ್ನು ಸಹಿಸಲು ಅವಳು ಹೇಗೋ ಕಲಿಯುತ್ತಿದ್ದಳು. ಅತ್ತೆಯ ಆ ತಗ್ಗಿದ ತಲೆಯನ್ನು ಸಹಿಸಲು ಮಾತ್ರ ಆಗಲಿಲ್ಲ.

ಹಾಗೆ ಅದು ಮನಸ್ಸಿಗೆ ಬಂತು. ಬಂದಾಗ ಸಿಟ್ಟಿನ ಕಾವಿರಲಿಲ್ಲ. ತಣ್ಣಗೆ, ಕೆಲಸದ ಹಾಗೆ ಬಂತು. ಬೆಣ್ಣೆ ಸರ್ ತನ್ನ ಗಂಡನಿಗೆ ಏನು ಮಾಡಿದರೋ ಅದನ್ನೇ ಅವರಿಗೂ ಮಾಡಬೇಕು, ಅದೇ ಪಟ್ಟಿಯಲ್ಲಿ, ಅದೇ ಲಾಗಿನ್ನಿನಿಂದ.

ಬೆಣ್ಣೆ ಸರ್ ಜೀವ ಇಟ್ಟುಕೊಂಡದ್ದು ಒಂದು ಯಂತ್ರದ ಮೇಲೆ. ನಗರದ ಯಾವ ಪೈಪು ಯಾವಾಗ ಒಡೆಯಬಹುದು ಎಂದು ಮೊದಲೇ ಹೇಳುವ ದೊಡ್ಡ ಯೋಜನೆಯೊಂದನ್ನು ಅವರು ವರ್ಷಗಟ್ಟಲೆ ಕಟ್ಟಿಸಿದ್ದರು. ಅದು ಇದ್ದದ್ದು ಒಂದೇ ಸರ್ವರಿನಲ್ಲಿ. ಇಷ್ಟರಲ್ಲೇ ಆಡಳಿತ ಮಂಡಳಿಗೆ ಅದನ್ನು ತೋರಿಸುವುದಿತ್ತು. ಅದು ಹೋದರೆ ಯಾರ ಮನೆಯ ನೀರೂ ನಿಲ್ಲುವುದಿಲ್ಲ, ಯಾರ ಜೀವಕ್ಕೂ ಅಪಾಯವಿಲ್ಲ. ಹೋಗುವುದು ಬೆಣ್ಣೆ ಸರ್ ಮರ್ಯಾದೆ ಒಂದೇ. ಅವಳು ಇದನ್ನೂ ಯೋಚಿಸಿದ್ದಳು. ಯೋಚಿಸಿದ್ದೇನೆ ಎಂಬುದೇ ಅವಳಿಗೆ ಸಮಾಧಾನ.

ಯಂತ್ರವನ್ನು ಒಡೆಯಬೇಕಿಲ್ಲ, ಕದಿಯಬೇಕಿಲ್ಲ. ಹಳೆಯದಾದ ಯಂತ್ರಕ್ಕೆ ಪಟ್ಟಿಯಲ್ಲಿ ನಿವೃತ್ತಿ ಎಂದು ಬರೆದರೆ ಸಾಕು. ಹೊಣೆಗಾರರು ಒಪ್ಪಿಗೆಗೆ ಬೆರಳಚ್ಚು ಒತ್ತಿದ ಮೇಲೆ, ವಾರದ ಕೊನೆಗೆ ವ್ಯವಸ್ಥೆ ತಾನಾಗಿಯೇ ಅದನ್ನು ಗುಡಿಸಿ ಹಾಕುತ್ತದೆ, ಅದರ ನಕಲುಗಳನ್ನೂ ಸೇರಿಸಿ. ಅದಕ್ಕೂ ಮೊದಲು, ಶುಕ್ರವಾರ ಮಧ್ಯಾಹ್ನ, ಟೀಮಿನಲ್ಲಿರುವವರಿಗೆ ಒಂದು ಕರೆ ಹೋಗುತ್ತದೆ. ಮುದ್ರಿಸಿಟ್ಟ ಹೆಣ್ಣುದನಿ ಅವರವರ ಹೆಸರು ಹಿಡಿದು ಕರೆದು, ಯಂತ್ರದ ಹೆಸರು ಹೇಳಿ, ಒಪ್ಪಿಗೆಯಾದರೆ ಒಂದು ಒತ್ತಿ, ಬೇಡವಾದರೆ ಎರಡು ಒತ್ತಿ ಎನ್ನುತ್ತದೆ. ಯಾರೂ ಬೇಡ ಎನ್ನದಿದ್ದರೆ ಒಪ್ಪಿದಂತೆಯೇ. ಬೆಣ್ಣೆ ಸರ್ ಅಂಥ ದನಿ ಕೇಳಿದ ಕೂಡಲೇ, ಸಾಲ ಬೇಕಾ ಎಂದು ಕೇಳುವವರಿರಬೇಕು ಎಂದು ಗೊಣಗಿ ಕರೆ ಕತ್ತರಿಸುವುದನ್ನು ಅವಳು ಎಷ್ಟೋ ಸಭೆಗಳಲ್ಲಿ ನೋಡಿದ್ದಳು.

ಅಡ್ಡಿ ಇದ್ದದ್ದು ಟೀಮಿನ ಉಳಿದವರದು. ಅದಕ್ಕೆ ಅವಳು ಆತುರಪಡಲಿಲ್ಲ. ಒಬ್ಬಾಕೆ ಬಹಳ ದಿನದಿಂದ ಬಿಲ್ಲಿಂಗ್ ಟೀಮಿಗೆ ಹೋಗಬೇಕು ಎನ್ನುತ್ತಿದ್ದಳು. ಅವಳನ್ನು ಅಲ್ಲಿಗೆ ಸೇರಿಸಿದಳು. ಇನ್ನೊಬ್ಬನಿಗೆ ಹೊಣೆ ಎಂದರೇ ಆಗುತ್ತಿರಲಿಲ್ಲ. "ನಿಮ್ಮನ್ನ ಆ ಸರ್ವರಿಂದ ಬಿಡಿಸ್ಲಾ?" ಎಂದದ್ದೇ ತಡ, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಮೇಡಂ" ಎಂದು ಕೈ ಮುಗಿದ. ಎರಡಕ್ಕೂ ಮೇಲ್ ಇತ್ತು, ಕಾರಣ ಇತ್ತು, ಬೆಣ್ಣೆ ಸರ್ ಅವರದೇ ಒಪ್ಪಿಗೆ ಇತ್ತು. ಕೊನೆಗೆ ಆ ಯಂತ್ರಕ್ಕೆ ಹೊಣೆಗಾರರೂ ಅವರೇ, ಟೀಮೂ ಅವರೇ. ಕರೆ ಹೋಗುವುದಿದ್ದರೆ ಅವರೊಬ್ಬರಿಗೆ.

ಆ ವಾರ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಮೂಲೆಯ ಯಾರದೂ ಅಲ್ಲದ ಕಂಪ್ಯೂಟರಿನಲ್ಲಿ ಕೂತು ಟೀಮಿನ ಸಾಮಾನ್ಯ ಲಾಗಿನ್ನಿನಿಂದ ನಿವೃತ್ತಿಯ ಕೋರಿಕೆ ಹಾಕಿದಳು. ಪಾಸ್‌ವರ್ಡ್ ಅವಳಿಗೆ ಗಂಡನಿಂದ ಗೊತ್ತಿತ್ತು. ಆಮೇಲೆ ಕೈತೊಳೆದು ಬಂದು ತನ್ನ ಬುತ್ತಿ ಬಿಚ್ಚಿದಳು.

ಮರುದಿನ ಒಪ್ಪಿಗೆಯ ದೊಡ್ಡ ಪಟ್ಟಿಯನ್ನು ಬೆಣ್ಣೆ ಸರ್ ಮುಂದೆ ಇಟ್ಟಳು. ನೂರಾರು ಸಾಲುಗಳು. ಅವರ ಯಂತ್ರ ಎಲ್ಲೋ ನಡುವೆ, ಎರಡು ಹಳೆಯ ಪ್ರಿಂಟರುಗಳ ಮಧ್ಯೆ ಇತ್ತು.

"ಎಲ್ಲಾ ಸರಿಯಿದೆ ತಾನೇ ಮೇಡಂ?"

"ಒಂದ್ಸಲ ಓದಿಬಿಡಿ ಸರ್."

"ನೀವು ನೋಡಿದ ಮೇಲೆ ನಾನೇನು ನೋಡೋದು" ಎಂದು ಅವರು ಬೆರಳು ಒತ್ತಿದರು. ಆಮೇಲೆ ದನಿ ತಗ್ಗಿಸಿ, "ಮನೇಲಿ ಅಮ್ಮ ಹೇಗಿದ್ದಾರೆ?" ಎಂದರು.

"ಇದ್ದಾರೆ ಸರ್."

ಓದಿಬಿಡಿ ಎಂದದ್ದು ಅವಳ ಉಪಾಯದಲ್ಲಿರಲಿಲ್ಲ. ಯಾಕೆ ಹಾಗೆಂದೆ ಎಂದು ಅವಳು ಮೆಟ್ಟಿಲಿಳಿಯುತ್ತ ಯೋಚಿಸಿದಳು. ಅವರು ಓದಿದ್ದರೆ ಚೆನ್ನಾಗಿತ್ತು ಎಂದು ಒಳಗೆಲ್ಲೋ ಇತ್ತೇ? ಒಂದೇ ಒಂದು ಸಲ ಆ ಮನುಷ್ಯ ಒಂದು ಸಾಲನ್ನು ಓದಿದ್ದರೆ, ತಂಪಣ್ಣ ಹೇಳಿದ್ದನ್ನು ಒಂದು ಸಲ ಕೇಳಿದ್ದರೆ. ಮೆಟ್ಟಿಲ ತಿರುವಿನಲ್ಲಿ ಸರ್ವರ್ ಕೋಣೆಯ ಬಾಗಿಲು ತೆರೆದಿತ್ತು. ಒಳಗಿನ ತಂಪು ಮುಖಕ್ಕೆ ಬಡಿಯಿತು. ಕುರ್ಚಿಯ ಬೆನ್ನಿಗೆ ಈಗ ಬೇರೆ ಯಾರದೋ ಜಾಕೆಟ್ಟು ತೂಗುತ್ತಿತ್ತು. ಅವಳು ಅಲ್ಲೇ ಗೋಡೆಗೊರಗಿ ನಿಂತು ಅತ್ತಳು. ಯಾರೋ ಬರುವ ಸದ್ದಾದಾಗ ಸೆರಗಿನಿಂದ ಮುಖ ಒರೆಸಿಕೊಂಡು ನಡೆದಳು.

ಶುಕ್ರವಾರ ಮನೆಗೆ ಬಂದಾಗ ಅತ್ತೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದರು. ಎದುರುಮನೆಯವರ ಜೊತೆ ಎರಡು ಮಾತೂ ಆಡಿದರು. ಎಷ್ಟೋ ದಿನದ ಮೇಲೆ ಸೊಸೆಗೆ ತಾವೇ ಬಡಿಸಿದರು. ಏನು ಅತ್ತೆ ಇವತ್ತು ಎಂದರೆ, "ಏನಿಲ್ಲಮ್ಮ, ಮನಸ್ಸು ಹಗುರ ಆಯ್ತು" ಎಂದು ನಕ್ಕರು. ಅವಳೂ ಹಗುರವಾಗಿ ಮಲಗಿದಳು.

ಸೋಮವಾರ ಕಚೇರಿಗೆ ಕಾಲಿಡುವಾಗಲೇ ಗೊತ್ತಾಯಿತು. ಬೆಣ್ಣೆ ಸರ್ ಶರಟಿನ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಸರ್ವರ್ ಇತ್ತು, ಅದರೊಳಗೆ ಏನೂ ಇರಲಿಲ್ಲ. ಆಡಳಿತ ಮಂಡಳಿ ಹೊರಗಿನಿಂದ ಒಬ್ಬ ಅಧಿಕಾರಿಣಿಯನ್ನು ಕರೆಸಿತು: ಕನ್ನಡಕದ, ಮೆಲುಮಾತಿನ ಹೆಂಗಸು. ಆ ವಾರವೆಲ್ಲ ಆಕೆ ಕೂತು ಒಂದೊಂದೇ ಸಾಲು ಓದಿದಳು. ನಿಜವಾಗಿ ಓದಿದಳು.

ಕೊನೆಯ ದಿನ ಇಬ್ಬರನ್ನೂ ಕರೆದಳು. ಬೆಣ್ಣೆ ಸರ್ ಒಂದು ಬದಿಗೆ, ಅವಳು ಇನ್ನೊಂದು ಬದಿಗೆ.

"ಬೆರಳು ನಿಮ್ಮದೇ" ಎಂದಳು ಅಧಿಕಾರಿಣಿ ಅವರತ್ತ ತಿರುಗಿ.

"ನನ್ನದೇ. ಆದ್ರೆ ನಾನು ಓದಿರಲಿಲ್ಲ" ಎಂದರು ಬೆಣ್ಣೆ ಸರ್. ದನಿಯಲ್ಲಿ ಬೆಣ್ಣೆಯಿರಲಿಲ್ಲ. ಅವರ ತಲೆ ತಗ್ಗಿತ್ತು. ಇದನ್ನು ನೋಡಬೇಕು ಎಂದೇ ಅವಳು ಇಷ್ಟು ದಿನ ಕಾದಿದ್ದಳು. ನೋಡಿದರೆ ಅದೂ ಅತ್ತೆಯ ತಲೆ ತಗ್ಗಿದ ಹಾಗೆಯೇ ಕಂಡಿತು.

"ಇರಲಿ. ನಿಯಮದ ಪ್ರಕಾರ ಶುಕ್ರವಾರದ ಕರೆಗೆ ಯಾರು ಉತ್ತರ ಕೊಟ್ಟಿರ್ತಾರೋ ಕೊನೆಯ ಹೊಣೆ ಅವರದು" ಎಂದು ಆಕೆ ಪುಟ ತಿರುವಿದಳು. "ನೀವು ಕರೆ ಕತ್ತರಿಸಿದ್ದೀರಿ. ಟೀಮಿನ ಇನ್ನೊಬ್ಬರು ತೆಗೆದಿದ್ದಾರೆ. ಪೂರ್ತಿ ಕೇಳಿ, ಒಂದು ಒತ್ತಿದ್ದಾರೆ."

"ಇನ್ನೊಬ್ಬರು ಇಲ್ವಲ್ಲ" ಎಂದಳು ಅವಳು. ಮಾತು ಬಾಯಿಂದ ಜಾರಿ ಬಿತ್ತು.

ಆಕೆ ಹೆಸರು ಓದಿದಳು. ಬೆಣ್ಣೆ ಸರ್ ಮೆಲ್ಲಗೆ ತಲೆ ಎತ್ತಿದರು.

ಸಿಬ್ಬಂದಿ ತೀರಿಕೊಂಡರೆ ಅವರ ಹೆಸರನ್ನು ಎಲ್ಲ ಟೀಮುಗಳಿಂದ ತೆಗೆಯುವುದು ಅವಳದೇ ಕೆಲಸ. ರಜೆಯಿಂದ ಬಂದಾಗಿನಿಂದ ಎಷ್ಟೋ ಸಲ ಗಂಡನ ಹೆಸರಿದ್ದ ಆ ಪುಟ ತೆರೆದಿದ್ದಳು, ತೆಗೆದುಹಾಕು ಎಂಬಲ್ಲಿಗೆ ಮೌಸಿನ ಬಾಣ ತಂದು ನಿಲ್ಲಿಸಿದ್ದಳು, ನಾಳೆ ಎಂದು ಮುಚ್ಚಿದ್ದಳು. ಟೀಮಿನಲ್ಲಿ ಯಾರಾರು ಉಳಿದರು ಎಂದು ಎಣಿಸುವಾಗ ಉಸಿರಾಡುವವರನ್ನಷ್ಟೇ ಎಣಿಸಿದ್ದಳು. ಆ ಹೆಸರಿನವನು ಯಾರು, ಎಲ್ಲಿದ್ದಾನೆ ಎಂದು ತಿಳಿಯದ ಅಧಿಕಾರಿಣಿ, ಅವರನ್ನೇ ಕೇಳಿಬಿಡೋಣ ಎಂದು ಮೇಜಿನ ಮೇಲೆ ಫೋನಿಟ್ಟು, ಎಲ್ಲರಿಗೂ ಕೇಳುವ ಹಾಗೆ, ಪಟ್ಟಿಯಲ್ಲಿದ್ದ ಸಂಖ್ಯೆಯನ್ನು ಒತ್ತಿದಳು. ಎರಡನೆಯ ರಿಂಗಿಗೇ ಯಾರೋ ತೆಗೆದರು; ಆಕೆ ಹೆಸರು ಹೇಳಿ ಇದ್ದಾರಾ ಎಂದು ಕೇಳಿದ್ದಕ್ಕೆ ಆ ಕಡೆಯಿಂದ ಅತ್ತೆಯ ದನಿ ಬಂತು. "ಹೇಳಮ್ಮ, ನಾನು ಅವನ ತಾಯಿ. ಈ ಫೋನ್ ನನ್ನ ದಿಂಬಿನ ಹತ್ರಾನೇ ಇರತ್ತೆ, ದಿನಾ ಚಾರ್ಜಿಗೆ ಹಾಕ್ತೀನಿ. ಕಚೇರಿಯಿಂದಲಾ? ಹೋದ ಶುಕ್ರವಾರಾನೂ ಒಂದು ಹುಡುಗಿ ಮಾಡಿದ್ಲು, ಅವನ ಹೆಸರು ಹಿಡಿದು ಕೇಳಿದ್ಲು, ಒಪ್ಪಿಗೆನಾ ಅಂತ. ಅವನು ಯಾವತ್ತೂ ಯಾರಿಗೂ ಇಲ್ಲ ಅಂದವನಲ್ಲ, ಅದಕ್ಕೆ ಒಂದು ಒತ್ತಿದೆ. ಸೊಸೆಗೆ ಹೇಳಿಲ್ಲ ನಾನು, ಅಳ್ತಾಳೆ ಅಂತ. ಅವನು ಏನೋ ತಪ್ಪು ಮಾಡಿದ ಅಂತ ಜನ ಅಂತಿದ್ರು, ಆದ್ರೆ ನೀವೆಲ್ಲ ಇನ್ನೂ ಅವನನ್ನ ಕೇಳೇ ಕೆಲಸ ಮಾಡ್ತೀರಲ್ಲ, ಅಷ್ಟು ಸಾಕು ತಾಯಿ ನಮಗೆ."