ಅಂಬಿಗನ ಹನ್ನೆರಡು ಹಲಗೆ

“ಬಾಬಿನ್ ಖಾಲಿ,” ಎಂದರು ಅಮ್ಮ, ಮೆಷಿನ್ನಿನಿಂದ ತಲೆ ಎತ್ತದೆ.

ಚೂಟಿಗೆ ಅಳುವೇ ಬಂತು. ಟೀವಿಯ ಗೇಮಿನೊಳಗೆ ಅವಳ ವೀರ ಕೋಟೆಯ ಬಾಗಿಲವರೆಗೆ ಬಂದಿದ್ದ. ಆ ಬಾಗಿಲ ಹಿಂದೆಯೇ ಬೆಂಕಿರಾಜ. ಇನ್ನು ಐದೇ ಐದು ನಿಮಿಷ ಸಿಕ್ಕಿದ್ದರೆ ಸಾಕಿತ್ತು.

“ಕೊಡು ಅಕ್ಕ,” ಎಂದು ತಮ್ಮ ಆಗಲೇ ಕೈ ಚಾಚಿದ್ದ. ಅವನನ್ನು ಎಲ್ಲರೂ ಬಟಾಣಿ ಎಂದೇ ಕರೆಯುತ್ತಿದ್ದರು. ಇದ್ದದ್ದೂ ಹಾಗೆಯೇ, ದುಂಡಗೆ. ಚೂಟಿ ಕಂಟ್ರೋಲರನ್ನು ಅವನ ಕೈಗೆ ಕುಕ್ಕಿ ಕೊಟ್ಟಳು.

ಅವರ ಅಮ್ಮ ಟೈಲರ್. ಅಂಗಡಿಯ ಮೂಲೆಯಲ್ಲಿ, ಹೊಲಿದು ನೇತುಹಾಕಿದ ಕೋಟುಗಳ ಕೆಳಗೆ ಒಂದು ಹಳೇ ಟೀವಿ ಇತ್ತು. ಅದಕ್ಕೆ ಮಾವ ಬಿಟ್ಟುಹೋದ ಇನ್ನೂ ಹಳೇ ಗೇಮ್ ಸೆಟ್ಟು. ಸರದಿಯ ಜಗಳ ಕೇಳಿ ಕೇಳಿ ಸಾಕಾಗಿ ಅಮ್ಮ ಒಂದು ರೂಲ್ ಮಾಡಿದ್ದರು. ಮೆಷಿನ್ನಿನ ಕೆಳಗೆ ಬಾಬಿನ್ ಎಂಬ ಪುಟ್ಟ ಚಕ್ರ ಇರುತ್ತದಲ್ಲ, ಅದರ ದಾರ ಮುಗಿಯುವವರೆಗೆ ಒಬ್ಬರ ಸರದಿ. ಹೊಸ ಬಾಬಿನ್ ಹಾಕಿದರೆ ಇನ್ನೊಬ್ಬರದು.

ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಚೂಟಿಯ ಸರದಿ ಬಂದಾಗಲೆಲ್ಲ ಅಮ್ಮ ಉದ್ದುದ್ದ ಪರದೆ ಹೊಲಿಯಲು ಕೂರುತ್ತಿದ್ದರು. ದಾರ ಗಟಗಟ ಖಾಲಿಯಾಗುತ್ತಿತ್ತು. ಬಟಾಣಿ ಕೂತನೋ, ಅಮ್ಮನಿಗೆ ಕೈಯಲ್ಲಿ ಗುಂಡಿ ಹಚ್ಚುವ ಕೆಲಸ ನೆನಪಾಗುತ್ತಿತ್ತು. ಮೆಷಿನ್ ಸುಮ್ಮನೆ ಕೂತಿರುತ್ತಿತ್ತು. ಬಾಬಿನ್ನಿನ ದಾರ ಹಾಗೇ ಇರುತ್ತಿತ್ತು. ಇದನ್ನು ಕೇಳುವವರೇ ಇರಲಿಲ್ಲ.

ಇನ್ನೊಂದು ಕಷ್ಟವೂ ಇತ್ತು. ಆ ಗೇಮಿನಲ್ಲಿ ಸೇವ್ ಮಾಡಲು ಒಂದೇ ಜಾಗ. ಹಾಗಾಗಿ ಇಬ್ಬರಿಗೂ ಒಬ್ಬನೇ ವೀರ, ಅವನ ಹೆಗಲಿಗೆ ಒಂದೇ ಚೀಲ. ಚೂಟಿ ಬೆವರು ಸುರಿಸಿ ಅವನನ್ನು ಬೆಟ್ಟ ಹತ್ತಿಸಿ ಕೋಟೆಯ ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ಬಟಾಣಿ ಅವನನ್ನು ಆರಾಮಾಗಿ ಬೆಟ್ಟ ಇಳಿಸಿಕೊಂಡು ಊರಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಅವನು ಮಾಡುತ್ತಿದ್ದ ಮಹಾಕಾರ್ಯ ಏನು? ಅಜ್ಜಿಯ ಕಳೆದುಹೋದ ಕೋಳಿ ಹುಡುಕುವುದು. ಯಾರದೋ ಪತ್ರ ಯಾರಿಗೋ ಮುಟ್ಟಿಸುವುದು.

ಬಟ್ಟೆಗೆ ಕಾಯುವವರು ಕೂರಲು ಅಂಗಡಿಯಲ್ಲಿ ಒಂದು ಬೆಂಚು ಇತ್ತು. ಬಟಾಣಿ ಆಡುವಾಗ ಆ ಬೆಂಚು ತುಂಬಿರುತ್ತಿತ್ತು. ನರ್ಸ್ ಆಂಟಿ ಒಳಗೆ ಬಂದವರೇ ತಮ್ಮ ಯೂನಿಫಾರ್ಮಿನ ಸುದ್ದಿ ಬಿಟ್ಟು, ಅಜ್ಜಿಗೆ ಕೋಳಿ ಸಿಕ್ಕಿತಾ ಎಂದು ವಿಚಾರಿಸುತ್ತಿದ್ದರು. ಬಸ್ ಡ್ರೈವರ್ ಅಂಕಲ್ ಹೊಲಿಸಲು ಏನೂ ಇಲ್ಲದಿದ್ದರೂ ಬಂದು ಕೂರುತ್ತಿದ್ದರು. ಚೂಟಿಯ ಸರದಿ ಬಂದರೆ ಅದೇ ಅಂಕಲ್ ಪೇಪರ್ ಬಿಡಿಸಿ ಮುಖ ಮುಚ್ಚಿಕೊಳ್ಳುತ್ತಿದ್ದರು. ರಾಜ್ಯಕ್ಕೆ ರಾಜ್ಯವೇ ಉರಿಯುತ್ತಿದ್ದರೂ ಅವರಿಗೆ ಅದರ ಗೊಡವೆ ಇರಲಿಲ್ಲ.

ಈಗ ಬಟಾಣಿಯ ತಲೆಯಲ್ಲಿ ಒಬ್ಬ ಮುದುಕ ಅಂಬಿಗ ಸೇರಿಕೊಂಡಿದ್ದ. ಅವನ ದೋಣಿ ಒಡೆದಿತ್ತು. ಅವನ ಮನೆಯವರೆಲ್ಲ ನದಿಯ ಆಚೆ ದಡದಲ್ಲಿದ್ದರು. ಹನ್ನೆರಡು ಹಲಗೆ ತಂದುಕೊಟ್ಟರೆ ದೋಣಿ ಸರಿಮಾಡಿಕೊಳ್ಳುತ್ತೇನೆ ಎಂದಿದ್ದ. ಎರಡು ವಾರದಿಂದ ಬಟಾಣಿ ಹಲಗೆ ಹುಡುಕುತ್ತಿದ್ದ. ಆ ಸಂಜೆ ಹನ್ನೊಂದನೆಯದು ಸಿಕ್ಕಿತು.

“ನಾಳೆ ದಾಟಿಸ್ತೀಯೇನೋ ಅವನನ್ನ?” ಎಂದು ಕೇಳಿದರು ಡ್ರೈವರ್ ಅಂಕಲ್.

“ನಾಳೆ ಪಕ್ಕಾ ಅಂಕಲ್.”

ಚೂಟಿ ಅಮ್ಮನ ಕಡೆ ನೋಡಿದಳು. ಅಮ್ಮನ ಸೂಜಿ ಅರ್ಧಕ್ಕೇ ನಿಂತಿತ್ತು. ಅವರೂ ಬಾಯಿ ಬಿಟ್ಟುಕೊಂಡು ಟೀವಿ ನೋಡುತ್ತಿದ್ದರು. ತನ್ನ ಆಟ ನೋಡಲು ಅಮ್ಮ ಒಂದು ದಿನವಾದರೂ ಕೈಕೆಲಸ ನಿಲ್ಲಿಸಿದ್ದರೇ? ಚೂಟಿಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ರಾತ್ರಿ ಊಟವೂ ಸೇರಲಿಲ್ಲ.

ಮರುದಿನ ಬಟಾಣಿಗೆ ಶಾಲೆಯಲ್ಲಿ ಹಾಡಿನ ಪ್ರಾಕ್ಟೀಸ್ ಇತ್ತು. ಚೂಟಿ ಒಬ್ಬಳೇ ಬೇಗ ಬಂದಳು. ಬೆಂಚು ಖಾಲಿ. ಅಮ್ಮ ಪರದೆ ಹೊಲಿಯುತ್ತಿದ್ದರು, ಇನ್ನೇನು ಹೊಲಿದಾರು!

ಬೆಟ್ಟದ ಬುಡದಲ್ಲಿ ಒಬ್ಬ ಕಮ್ಮಾರನಿದ್ದ. ಒಳ್ಳೆಯ ಮರ ಕೊಟ್ಟರೆ ಬೆಂಕಿ ತಡೆಯುವ ಗುರಾಣಿ ಕೊಡುತ್ತೇನೆ ಎಂದು ಅವನು ಮೊದಲಿಂದಲೂ ಹೇಳುತ್ತಿದ್ದ. ಚೂಟಿ ಚೀಲ ತೆರೆದಳು. ಹನ್ನೊಂದು ಹಲಗೆ ಸಾಲಾಗಿ ಇದ್ದವು. ಅವಳ ಹೆಬ್ಬೆರಳು ಬಟನ್ನಿನ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು.

ಚೀಲ ಇಬ್ಬರದೂ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಬಟನ್ ಒತ್ತಿದಳು. ಹಲಗೆಗಳೆಲ್ಲ ಮಾಯವಾದವು.

ಗುರಾಣಿ ಚೆನ್ನಾಗಿಯೇ ಇತ್ತು. ಬೆಂಕಿರಾಜ ಮೂರು ಸಲ ಬೆಂಕಿ ಉಗುಳಿದ, ನಾಲ್ಕನೇ ಸಲಕ್ಕೆ ಹಿಟ್ಟಿನ ಮೂಟೆಯಂತೆ ದೊಪ್ಪನೆ ಬಿದ್ದ. ಅವನು ಯಾಕೆ ಅಷ್ಟು ಕೆಟ್ಟವನಾಗಿದ್ದ ಎಂಬುದನ್ನೂ ಗೇಮು ಹೇಳಲಿಲ್ಲ. ರಾಜ್ಯ ಉಳಿಯಿತು ಎಂದು ಎರಡು ಸಾಲು ಬಂತು. ಆಮೇಲೆ ಗೇಮ್ ಮಾಡಿದವರ ಹೆಸರುಗಳು ಮೇಲಕ್ಕೆ ಹರಿದುಹೋದವು.

“ಅಮ್ಮಾ, ಗೆದ್ದೆ. ಪೂರ್ತಿ ಮುಗೀತು,” ಎಂದಳು ಚೂಟಿ.

“ಹೌದಾ? ಒಳ್ಳೇದಾಯ್ತು ಮಗಳೆ. ಆ ಕತ್ತರಿ ಕೊಡು ಇಲ್ಲಿ.”

ಚೂಟಿ ಕತ್ತರಿ ಕೊಟ್ಟಳು. ತಿರುಗಿ ನೋಡಿದರೆ ಗೇಮು ಅವಳ ವೀರನನ್ನು ಮತ್ತೆ ಕೋಟೆಯ ಬಾಗಿಲ ಹೊರಗೆ ತಂದು ನಿಲ್ಲಿಸಿತ್ತು. ಗೆದ್ದ ಗುರುತೇ ಇರಲಿಲ್ಲ. ಕೈಯಲ್ಲಿ ಗುರಾಣಿ ಮಾತ್ರ ಇತ್ತು.

ಅಷ್ಟರಲ್ಲಿ ಬಾಬಿನ್ ಖಾಲಿಯಾಯಿತು. ಬಟಾಣಿಯೂ ಬಂದ. ಅವನ ಹಿಂದೆಯೇ ನರ್ಸ್ ಆಂಟಿ ಬಂದರು. ಡ್ಯೂಟಿಗೆ ಇನ್ನೂ ಅರ್ಧ ಗಂಟೆ ಇದೆ, ದೋಣಿ ಹೊರಡುವುದನ್ನು ನೋಡಿಕೊಂಡೇ ಹೋಗುತ್ತೇನೆ ಎಂದರು. ಡ್ರೈವರ್ ಅಂಕಲ್ ಆಗಲೇ ಬೆಂಚಿನ ತುದಿಯಲ್ಲಿ ಕೂತಾಗಿತ್ತು.

ಬಟಾಣಿ ಹನ್ನೆರಡನೆಯ ಹಲಗೆಯನ್ನು ಒಂದು ಬಾವಿಯ ಹಿಂದಿನಿಂದ ಎತ್ತಿಕೊಂಡ. ಓಡೋಡಿ ನದಿಗೆ ಹೋದ. ಅಂಬಿಗ ಟೊಪ್ಪಿ ತೆಗೆದು ನಮಸ್ಕಾರ ಮಾಡಿದ. ಟೀವಿಯ ಮೇಲೆ ಅವನ ಮಾತು ಮೂಡಿತು. “ಒಂದು ಹಲಗೆ ತಂದೆಯಾ ಮಗು? ಬಹಳ ಉಪಕಾರವಾಯಿತು. ಇನ್ನು ಹನ್ನೊಂದು ಸಿಕ್ಕರೆ ಸಾಕು. ನಾನು ಕಾಯುತ್ತೇನೆ.”

ಬಟಾಣಿ ಚೀಲ ತೆರೆದ, ಮುಚ್ಚಿದ, ಮತ್ತೆ ತೆರೆದ.

ಈಗ ಅಳುತ್ತಾನೆ, ಅಮ್ಮನಿಗೆ ಚಾಡಿ ಹೇಳುತ್ತಾನೆ ಎಂದು ಚೂಟಿ ಕಾದಳು. ಆಗ ತಾನೂ ಪರದೆ, ಗುಂಡಿ, ಪೇಪರು ಎಲ್ಲದರ ಲೆಕ್ಕ ಬಿಚ್ಚಿಡಬೇಕೆಂದಿದ್ದಳು.

“ನಾನೇ ಎಲ್ಲೋ ಬೀಳಿಸಿಬಿಟ್ಟೆ ಅನ್ಸುತ್ತೆ,” ಎಂದ ಬಟಾಣಿ ಮೆಲ್ಲಗೆ. “ನಿನ್ನೆ ಸೇತುವೆ ಮೇಲೆ ತುಂಬಾ ಜಂಪ್ ಮಾಡಿದ್ದೆ.”

ವೀರನ ಕೈಯಲ್ಲಿ ಹೊಸ ಗುರಾಣಿ ಇದ್ದರೂ ಅಕ್ಕನ ಮೇಲೆ ಅವನಿಗೆ ಅನುಮಾನವೇ ಬಂದಿರಲಿಲ್ಲ. ಅವನು ಸೇತುವೆಗೆ ವಾಪಸ್ ಹೋಗಿ ಈ ತುದಿಯಿಂದ ಆ ತುದಿಯವರೆಗೆ ಹುಡುಕತೊಡಗಿದ. ನರ್ಸ್ ಆಂಟಿ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟು ಎದ್ದರು. ಚೂಟಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೆಂಕಿರಾಜನನ್ನು ಹೊಡೆದದ್ದು ಬರೀ ಹತ್ತು ನಿಮಿಷದ ಮಾತು. ಆ ಹಲಗೆಗಳಿಗೆ ಎರಡು ವಾರ ಹಿಡಿದಿತ್ತು.

“ನೀನು ಬೀಳಿಸಿಲ್ಲ ಕಣೋ,” ಎಂದಳು. “ನಾನೇ ಕಮ್ಮಾರನಿಗೆ ಕೊಟ್ಟೆ. ಗುರಾಣಿಗೆ.”

ಬಟಾಣಿ ತಿರುಗಿ ನೋಡಿದ. ಅವನ ಕಿವಿ ಕೆಂಪಾಯಿತು. ಅಮ್ಮ ಗುಂಡಿ ಹಚ್ಚುವುದನ್ನು ನಿಲ್ಲಿಸಿದರು. ತನ್ನ ಕಡೆ ಅಮ್ಮ ಹೀಗೆ ಕೆಲಸ ನಿಲ್ಲಿಸಿ ನೋಡಬೇಕೆಂದು ಚೂಟಿ ಎಷ್ಟು ದಿನದಿಂದ ಆಸೆಪಟ್ಟಿದ್ದಳು! ಈಗ ನೋಡಿದರೆ ತಲೆ ಎತ್ತಲೇ ಆಗಲಿಲ್ಲ.

“ಹೇಳಬಾರದಿತ್ತಾ ಅಕ್ಕ?” ಎಂದ ಬಟಾಣಿ. ಮೂಗು ಒರೆಸಿಕೊಂಡು ಕಮ್ಮಾರನ ಹತ್ತಿರ ಹೋದ. ಕಮ್ಮಾರ ಗುರಾಣಿ ವಾಪಸ್ ತೆಗೆದುಕೊಂಡ, ಆದರೆ ಅದು ಬೆಂಕಿಯಲ್ಲಿ ಸುಟ್ಟಿದೆ ಎಂದು ನಾಲ್ಕೇ ಹಲಗೆ ಕೊಟ್ಟ. ಅಂಬಿಗನ ಹತ್ತಿರ ಒಂದಿತ್ತು. ಇನ್ನೂ ಏಳು ಬೇಕು.

ಆಮೇಲೆ ಬಟಾಣಿಯ ಸರದಿಯಲ್ಲೂ ಅಮ್ಮ ಪರದೆಯನ್ನೇ ಹೊಲಿದರು. ಬಾಬಿನ್ ಬೇಗ ಖಾಲಿಯಾಯಿತು. ಬಟಾಣಿ ಕಂಟ್ರೋಲರ್ ಚಾಚಿದ. ಚೂಟಿ ಅದನ್ನು ತೆಗೆದುಕೊಳ್ಳಲಿಲ್ಲ.

“ನೀನೇ ಆಡು. ಏಳು ಸಿಗೋವರೆಗೂ ನನ್ನ ಬಾಬಿನ್ನೂ ನಿಂದೇ.”

ಅವನು ಆಡುವಾಗ ಯಾವತ್ತೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು ಇಂದು ಬೆಂಚಿಗೆ ಬಂದಳು. ಡ್ರೈವರ್ ಅಂಕಲ್ ಸರಿದು ಜಾಗ ಕೊಟ್ಟರು. ಬಟಾಣಿ ಹಲಗೆ ಹುಡುಕಲು ಕಾಡಿನ ದಾರಿ ಹಿಡಿದ. ಮೊದಲ ಮರ ದಾಟುವಷ್ಟರಲ್ಲಿ ಚೂಟಿ ಮುಂದಕ್ಕೆ ಬಾಗಿದ್ದಳು.

“ಲೋ, ಮೊದಲು ನದಿ ಹತ್ತಿರ ಹೋಗಿ ಆ ನಾಲ್ಕು ಕೊಟ್ಟು ಬಾರೋ,” ಎಂದಳು. “ಪಾಪ, ತಾತ ಕಾಯ್ತಿರ್ತಾನೆ.”