ಸುಳಿಗಣ್ಣಿನ ಬಿಲ್ಲು

"ಅದನ್ನ ಮುಟ್ಬೇಡಮ್ಮ. ಬೇರೆ ಯಾವ ಹಲಗೆ ಬೇಕಾದ್ರೂ ತಗೋ."

ದೊಡ್ಡಮಾವ ಕಾರ್ಖಾನೆಯ ಹೊಸ್ತಿಲ ಆಚೆಯೇ ನಿಂತಿದ್ದರು. ಎಷ್ಟೋ ವರ್ಷಗಳಿಂದ ಅವರು ಒಳಗೆ ಕಾಲಿಟ್ಟಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಮಣಿಕಟ್ಟಿನಿಂದ ಬೆರಳ ತುದಿಯವರೆಗೂ ಹಳೆಯ ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು.

ಸೊಸೆ ಏಣಿಯ ಮೇಲೆ ನಿಂತು ಅಟ್ಟದ ಹಲಗೆಯ ಧೂಳನ್ನು ಉಫ್ ಎಂದು ಊದಿದಳು. ಒಳಗಿನ ಮರ ಜೇನಿನ ಬಣ್ಣಕ್ಕೆ ಹೊಳೆಯಿತು. ಉದ್ದಕ್ಕೂ ಸುಳಿಗಳು. ಒಂದೊಂದು ಸುಳಿಯ ನಟ್ಟನಡುವೆ ಒಂದು ಕಪ್ಪು ಚುಕ್ಕೆ, ರೆಪ್ಪೆ ಕಿತ್ತ ಕಣ್ಣಿನ ಹಾಗೆ. ಅವಳು ತಂತಿವಾದ್ಯ ಮಾಡುವವರ ಮನೆಯ ಮಗಳು. ಅವಳಪ್ಪ ಇಂಥ ಮರ ಸಿಕ್ಕರೆ ಮಗು ಹುಟ್ಟಿದಷ್ಟು ಸಡಗರ ಪಡುತ್ತಿದ್ದ. ಮದುವೆಯಾಗಿ ಬಂದ ಈ ಬಿಲ್ಲು ಮಾಡುವವರ ಮನೆಯಲ್ಲೋ, ನಾರು ನೆಟ್ಟಗಿರುವ ಮರ ಬಿಟ್ಟರೆ ಬೇರೆಯದಕ್ಕೆ ಬೆಲೆಯೇ ಇಲ್ಲ. ಮಾಡಿಟ್ಟ ಬಿಲ್ಲುಗಳೆಲ್ಲ ಪೊರಕೆ ಕಡ್ಡಿಯಷ್ಟು ಸಪ್ಪೆ.

"ಯಾಕೆ ಮಾವ, ಕಚ್ಚುತ್ತಾ ಇದು?"

"ಹೂಂ" ಎಂದರು ದೊಡ್ಡಮಾವ. ಅವರ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

ಆಮೇಲೆ ಹೇಳಿದರು. ಆ ಮರ ಕಾರ್ಖಾನೆಯ ಹಿಂದೆಯೇ ಇತ್ತಂತೆ. ಪಕ್ಕದ ಬೀದಿಯಲ್ಲಿ ಮಾಟ ಮಾಡುವ ಒಬ್ಬ ಹೆಂಗಸು ಇದ್ದಳಂತೆ. ಯಾರನ್ನಾದರೂ ಹಾಳು ಮಾಡಬೇಕು ಅಂದುಕೊಂಡವರು ಆ ಮನುಷ್ಯನ ಕೂದಲೋ, ಉಗುರೋ, ಉದುರಿದ ಹಲ್ಲೋ ತಂದು ಅವಳ ಕೈಗಿಡುತ್ತಿದ್ದರು. ಅವಳು ಮರದಲ್ಲಿ ತೂತು ಕೊರೆದು, ಅದನ್ನು ತುರುಕಿ, ಉಗಿದು, ಬೆಣೆ ಜಡಿಯುತ್ತಿದ್ದಳು.

"ಮರ ಅದನ್ನೆಲ್ಲ ನುಂಗ್ತಮ್ಮ. ಒಂದೊಂದು ಸುಳೀಲೂ ಒಬ್ಬೊಬ್ರು ಇದಾರೆ. ಗಾಳಿಗೆ ಮರ ಬಿದ್ದಾಗ ಚೆನ್ನಾಗಿದೆ ಅಂತ ನಾನೇ ಸೀಳಿಸ್ದೆ. ಒಂದು ಬಿಲ್ಲು ಮಾಡ್ದೆ. ನನ್ನ ಕೈ ನೋಡ್ತಾ ಇದೀಯಲ್ಲ."

ಅವಳು ಹಲಗೆಯನ್ನು ಹೆಗಲಿಗೇರಿಸಿ ಇಳಿದಳು. "ಅದು ಇಸುಬು ಮಾವ. ನಾಳೆ ಚರ್ಮದ ಡಾಕ್ಟರ್ ಹತ್ರ ಹೋಗೋಣ. ಒಂದು ಮುಲಾಮಲ್ಲಿ ನಿಮ್ಮ ಮಾಟಗಾತಿ ಓಡಿಹೋಗ್ತಾಳೆ."

ಮೂಲೆಯಲ್ಲಿ ಹೆದೆ ಹೊಸೆಯುತ್ತಿದ್ದ ಗಂಡ ಕಿಸಕ್ಕೆಂದ. ಆದರೆ ಅವನಿಗೂ ಅಳುಕಿತ್ತು, ಬೇರೆ ಥರದ್ದು. "ಸುಳಿ ಇರೋ ಮರ ಬಗ್ಗಲ್ಲ ಕಣೆ. ನಾರು ಅಡ್ಡಾದಿಡ್ಡಿ ಓಡಿರುತ್ತೆ. ಎಳೆದ್ರೆ ಪಟ್ ಅಂತ ಮುರಿಯುತ್ತೆ."

"ಬಿಲ್ಲಿನ ಬೆನ್ನಿಗೆ ದನದ ನರ ಅಂಟಿಸೋಣ ಕಣ್ರೀ. ನರ ಹಿಡಿದುಕೊಳ್ಳುತ್ತೆ. ಈಗ ಬಿಲ್ಲು ಹಿಡಿಯೋರೆಲ್ಲ ಫ್ಯಾಕ್ಟರಿ ಮಾಲು ತಗೋತಾ ಇದಾರೆ. ಪ್ರದರ್ಶನದಲ್ಲಿ ಇಂಥದ್ದೊಂದು ಇಟ್ರೆ ನಮ್ಮ ಬಾಗಿಲು ಹುಡುಕ್ಕೊಂಡು ಬರ್ತಾರೆ. ಇಲ್ಲಾಂದ್ರೆ ಕಾರ್ಖಾನೆಗೆ ಬೀಗ ಹಾಕೋದೇ."

ಅವನು ಹೆದೆ ಬದಿಗಿಟ್ಟು ಎದ್ದು, ಮರ ಹೆರೆಯುವ ಕೀಸುಳಿ ತಂದುಕೊಟ್ಟ.

ಕೀಸುಳಿಯ ಮೊದಲ ಎಳೆತಕ್ಕೇ ಅವಳು ಮುಖ ಕಿವಿಚಿದಳು. ಒಣಮರ ಹೆರೆದ ಸಿಪ್ಪೆ ಗರಿಗರಿಯಾಗಿ ಸುರುಳಿ ಸುತ್ತಿಕೊಂಡು ಬರಬೇಕು. ಇದು ತೇವವಾಗಿ, ತೆಳ್ಳಗೆ, ಬಿಸಿಲಿಗೆ ಸುಟ್ಟ ಬೆನ್ನಿನಿಂದ ಸುಲಿದ ಚರ್ಮದ ಹಾಗೆ ಜೋತು ಬಿತ್ತು. ಜೊತೆಗೆ ಒಂದು ವಾಸನೆ. ಕೊಳೆತ ಹಲ್ಲಿರುವವರು ಮೂಗಿನ ಹತ್ತಿರ ಬಂದು ಗುಟ್ಟು ಹೇಳಿದಂತೆ. ಹಳೇ ಮರ, ಒಳಗೆ ಅಂಟು ಉಳಿದಿರಬೇಕು ಎಂದುಕೊಂಡಳು. ಎರಡನೇ ಸುಳಿಯಲ್ಲಿ ಅಲಗು ಸಿಕ್ಕಿಕೊಂಡಿತು. ಬೆರಳಲ್ಲಿ ಹಿಡಿದು ಎಳೆದಳು. ಕೂದಲು. ಎಳೆದಷ್ಟೂ ಬಂತು, ನರೆತದ್ದು, ಜಿಡ್ಡಿನದು. ಕೊನೆಗೆ ಸಣ್ಣ ಬಿಳಿಯ ಬುಡವೂ ಬಂತು. ಈಗಷ್ಟೇ ತಲೆಯಿಂದ ಕಿತ್ತಂತೆ ಬುಡ ಇನ್ನೂ ಮೆತ್ತಗಿತ್ತು.

"ಯಾವುದೋ ಹಕ್ಕಿಗೂಡಿಂದು" ಎಂದಳು ಗಂಡನಿಗೆ ಕೇಳುವಂತೆ. ಮಧ್ಯಾಹ್ನ ಮಾತ್ರ ತಟ್ಟೆಯ ಮುಂದೆ ಕೂತವಳು ಊಟ ಮಾಡದೆ ಎದ್ದಳು.

ಕೆಲಸ ನಿಲ್ಲಿಸಲಿಲ್ಲ. ಪ್ರಾಣಿಯ ನರಗಳನ್ನು ಜಜ್ಜಿ ಎಳೆ ಬಿಡಿಸಿದಳು. ತೊಗಲು ಕುದಿಸಿ ಮಾಡಿದ ಸರೇಸಿನ ಅಂಟಿನಲ್ಲಿ ಅವನ್ನು ಅದ್ದಿದಳು. ಕಾರ್ಖಾನೆಯಿಡೀ ಸತ್ತ ದನದ ನಾತ. ಲೋಳೆಲೋಳೆಯಾದ ಎಳೆಗಳನ್ನು ಬಿಲ್ಲಿನ ಬೆನ್ನಿಗೆ ಒತ್ತುತ್ತಿದ್ದರೆ ಮರ ಸರೇಸನ್ನು ಹೀರಿಕೊಳ್ಳುತ್ತಿತ್ತು. ಹೀರುವಾಗ ಸದ್ದು ಬರುತ್ತಿತ್ತು. ಹಲ್ಲಿಲ್ಲದ ಬಾಯಿ ಗಂಜಿ ಚಪ್ಪರಿಸುವ ಸದ್ದು. ಅವಳು ರೇಡಿಯೋ ಜೋರು ಮಾಡಿದಳು.

ಒಣಗಿದ ಮೇಲೆ ಹೆದೆ ಕಟ್ಟಿ, ಗೋಡೆಯ ಗೂಟಕ್ಕೆ ಸಿಕ್ಕಿಸಿ, ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿ ನೋಡಿದರು. ಎಲ್ಲಿ ಬಿಗಿಯೋ ಅಲ್ಲಿ ಹೆರೆದರು. ಮುರಿಯಲಿಲ್ಲ. ಕಿರುಗುಟ್ಟಲೂ ಇಲ್ಲ. ಬಿಲ್ಲಿನ ಎರಡೂ ತೋಳು ಒಂದೇ ಸಮ ಬಾಗಿದ್ದನ್ನು ನೋಡಿ ಗಂಡ ಬೆರಗಾದ. ಪ್ರತಿ ಸಲ ಎಳೆದಾಗಲೂ ಸುಳಿಗಳ ನಡುವೆ ಹಳದಿ ಹನಿಗಳು ಒಸರುತ್ತಿದ್ದವು, ಒಡೆದ ಕುರುವಿನ ಹಾಗೆ. ಒರೆಸಿದರೆ ಬಟ್ಟೆ ಅಂಟುತ್ತಿತ್ತು. ಅವಳು ಒರೆಸಿ ಒರೆಸಿ ಎಸೆದಳು.

ಒಂದು ಮಧ್ಯಾಹ್ನ, ಹಿತ್ತಲಲ್ಲಿ ಹುಲ್ಲಿನ ಪಿಂಡಿ ನಿಲ್ಲಿಸಿ, ಮೊದಲ ಬಾಣ ಹೂಡಿದಳು. ಎಡಗೈಯಲ್ಲಿ ಬಿಲ್ಲಿನ ಹಿಡಿ. ಅದು ಬೆಚ್ಚಗಿತ್ತು. ಎಳೆದು ಬಿಟ್ಟಳು. ಬಾಣ ಪಿಂಡಿಯ ನಡುವಿಗೇ ನಾಟಿತು.

"ಭೇಷ್! ಕೊಡು, ನಾನೂ ಒಂದು ಬಿಡ್ತೀನಿ."

ಅವಳು ಕೈ ಬಿಚ್ಚಿದಳು. ಬೆರಳುಗಳು ಬಿಚ್ಚಿಕೊಂಡವು. ಅಂಗೈ ಬಿಚ್ಚಿಕೊಳ್ಳಲಿಲ್ಲ.

ಕೊಡವಿದಳು. ಬಿಲ್ಲು ಕೈಗೆ ಜೋತಾಡಿತು. ಗಂಡ ನಗುತ್ತಾ ಹಿಡಿದೆಳೆದ. ಅವಳು ಕಿರುಚಿದಳು. ಅವನ ನಗು ನಿಂತಿತು. ಚರ್ಮ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಗುತ್ತದೆ? ಗೆರೆ ಕಾಣಲಿಲ್ಲ. ಮಣಿಕಟ್ಟಿನ ಒಳಗೆ ಏನೋ ಹರಿದಾಡಿತು. ತಣ್ಣಗೆ. ಹುಳುವಿನ ಹಾಗೆ. ಹೆಬ್ಬೆರಳ ಉಗುರು ಎದ್ದುಕೊಂಡಿತು. ಅದರ ಅಡಿಯಿಂದ ಇನ್ನೊಂದು ಉಗುರು ತಳ್ಳಿಕೊಂಡು ಬಂತು. ಹಳದಿ. ದಪ್ಪ. ಗಂಡಸಿನದು. ಬೆರಳ ಸಂದಿಯಲ್ಲಿ ಕೂದಲು ಮೊಳೆಯಿತು. ನರೆತ ಕೂದಲು. ಬಾಯಲ್ಲಿ ಯಾರದೋ ಎಂಜಲಿನ ರುಚಿ. ಅವಳು ವಾಂತಿ ಮಾಡಿದಳು. ಗಂಡ "ದೊಡ್ಡಪ್ಪಾ!" ಎಂದು ಅರಚಿದ.

ದೊಡ್ಡಮಾವ ಹಿತ್ತಲಿಗೆ ಓಡಿ ಬಂದರು. ಹಲ್ಲಿನಿಂದ ಕಚ್ಚಿ ಕೈಯ ಬಟ್ಟೆ ಬಿಚ್ಚಿದರು. ಅಂಗೈಯೆಂಬುದಿರಲಿಲ್ಲ. ಅಲ್ಲಿದ್ದದ್ದು ಜೇನಿನ ಬಣ್ಣದ ಮರ. ಸುಳಿಸುಳಿ. ಒಂದೊಂದು ಸುಳಿಯಲ್ಲೂ ಒಂದು ಕುಚ್ಚು ಕೂದಲು. ಒಂದರಲ್ಲಿ ಯಾವುದೋ ಮಗುವಿನ ಹಾಲುಹಲ್ಲು, ಒಸಡಿನ ಸಮೇತ, ಒದ್ದೆಯಾಗಿ.

"ನಾನು ಕೊಯ್ಯೋಕೆ ಹೆದರ್ದೆ ಕಣಮ್ಮ. ಬಿಲ್ಲು ಪೂರ್ತಿ ನನ್ನ ಕೈಗಳೊಳಗೆ ಇಳೀತು. ನೀನು ಹೆದರ್ಬೇಡ. ಈಗ್ಲೇ ಕೊಯ್ಯಿ."

ಗಂಡ ಚೂರಿ ತಂದ. ಅಲಗು ತಾಗಿಸಿ ಹಿಂದೆಗೆದ. ಆಗಲಿಲ್ಲ. ಅವಳೇ ಕಿತ್ತುಕೊಂಡಳು. ಹಿಡಿ ಹೆರೆದ ಅದೇ ತೆಳು ಅಲಗು. ಅಂಗೈಗೂ ಮರಕ್ಕೂ ನಡುವೆ ತೂರಿಸಿದಳು. ಹಣ್ಣಿನ ಸಿಪ್ಪೆ ಬಿಡಿಸುವಂತೆ ಎಳೆದಳು. ಪರ್ ಎಂಬ ಸದ್ದು. ಬಿಸಿ. ಮತ್ತೆ ಎಳೆದಳು. ಬಿಲ್ಲು ಕಳಚಿ ನೆಲಕ್ಕೆ ಬಿತ್ತು. ಅವಳೂ ಬಿದ್ದಳು.

ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಅಂಗೈಗೆ ಹೊಲಿದರು. ಹಳದಿ ಉಗುರು ಮತ್ತೆ ಬರಲಿಲ್ಲ. ಬದುಕಿದೆ ಎಂದು ಅವಳು ನಿಟ್ಟುಸಿರುಬಿಟ್ಟಳು. ಅವಳು ಮನೆಗೆ ಬಂದ ದಿನವೇ ಗಂಡ ಬಿಲ್ಲನ್ನು ಹಿತ್ತಲಲ್ಲಿ ಸೀಮೆಎಣ್ಣೆ ಸುರಿದು ಹಚ್ಚಿದ. ಒಳಗೆ ಮಂಚದ ಮೇಲಿದ್ದ ಅವಳ ಕೂಗಿಗೆ ನೆರೆಮನೆಯವರೆಲ್ಲ ಓಡಿ ಬಂದರು. ಬ್ಯಾಂಡೇಜಿನ ಒಳಗೆ ಅವಳ ಅಂಗೈ ಬೊಬ್ಬೆ ಎದ್ದಿತ್ತು.

ಗಂಡ ಮಣ್ಣು ಸುರಿದು ಬೆಂಕಿ ಆರಿಸಿ ನೋಡಿದ. ಹಿಡಿಗೆ ಅಂಟಿ ಉಳಿದಿದ್ದ ಅವಳ ಚರ್ಮ ಕೊಳೆತಿರಲಿಲ್ಲ, ಒಣಗಿರಲಿಲ್ಲ. ಬೇರು ಬಿಟ್ಟಿತ್ತು. ಬೊಬ್ಬೆಗಳ ನಡುವೆಯೂ ಗುಲಾಬಿ ಬಣ್ಣ, ಅಂಗೈಯ ಗೆರೆಗಳೆಲ್ಲ ಇದ್ದ ಹಾಗೇ. ಮುಟ್ಟಿದರೆ ಬೆವರು.

"ಈಗ ಅದು ನಿನ್ನ ಕೈಯಮ್ಮ" ಎಂದರು ದೊಡ್ಡಮಾವ. "ನೋಡ್ಕೋಬೇಕು."

ನೋಡಿಕೊಳ್ಳುತ್ತಿದ್ದಾಳೆ. ಅಟ್ಟದಲ್ಲಿ ಮೆತ್ತನೆಯ ಬಟ್ಟೆ ಸುತ್ತಿ ಇಟ್ಟಿದ್ದಾಳೆ. ಒಣಗಿದರೆ ಅವಳ ಅಂಗೈ ಬಿರಿಯುತ್ತದೆ. ಹಾಗಾಗಿ ಆಗಾಗ ಏಣಿ ಹತ್ತಿ, ಉಸಿರು ಬಿಗಿಹಿಡಿದು, ಎಣ್ಣೆ ಸವರುತ್ತಾಳೆ. ಸವರುವಾಗ ತನ್ನ ಬೆರಳು ತನಗೇ ಯಾರದೋ ಬೆರಳಿನಂತೆ ತಾಗುತ್ತದೆ. ಇಳಿದು ಬಂದು ಸೋಪು ಹಚ್ಚಿ ಹಚ್ಚಿ ಉಜ್ಜುತ್ತಾಳೆ. ಗಂಡ ಅವಳ ಎಡಗೈ ಹಿಡಿಯುವುದಿಲ್ಲ. ಅವಳೂ ನೀಡುವುದಿಲ್ಲ.

ಮೊನ್ನೆ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಅವಳು ಎತ್ತಿದ ತುತ್ತು ಬಾಯಿಯ ಹತ್ತಿರವೇ ನಿಂತಿತು. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಎಡ ಅಂಗೈಗೆ ಏನೋ ತಾಗಿತು. ಒದ್ದೆ. ಬೆಚ್ಚಗೆ. ತುಂಬಾ ಚಿಕ್ಕದು.

ನಾಲಿಗೆ.

"ಏನಾಯ್ತು?" ಎಂದ ಗಂಡ.

ಅಟ್ಟದಲ್ಲಿ ಇಲಿಯೊಂದು ಎಣ್ಣೆ ನೆಕ್ಕುತ್ತಿತ್ತು. ಆಮೇಲೆ ಅದು ಹಲ್ಲು ಊರಿತು.